ಬೆರಿ ಸೇಂಟ್ ಎಡ್ಮಂಡ್ಸ್: ಒಂದು ಸಂತೆಪೇಟೆಯ ಚರಿತ್ರೆ

ಲಂಡನ್ನಿಗೆ ಈಶಾನ್ಯದಲ್ಲಿ ಸಫೋಕ್ ಎಂಬ ಸೀಮೆಯಿರುವುದು. ಅಲ್ಲಿಯ ಹಳೆಯ ಸಂತೆಪೇಟೆಗಳಲ್ಲಿ ಬೆರಿ ಸೇಂಟ್ ಎಡ್ಮಂಡ್ಸ್ ಪ್ರಸಿದ್ಧವಾದುದು. ‘ಬೆರಿ’ ಎಂದರೆ ಹೂಳುವುದೆಂದು ಭ್ರಮಿಸುವವರುಂಟು. ಅದು ಕೋಟೆಯೂರೆಂಬರ್ಥದ ಪ್ರಾಚೀನ ಶಬ್ದ. ಎಡ್ಮಂಡನು ಆ ಪೂರ್ವಸೀಮೆಯ ಅರಸು. ೮೬೯ರಲ್ಲಿ ಡೇನರ ಕೈಯಿಂದ ಹತನಾಗಿ, ಜನರಿಂದ ಸಂತನೆಂದು ಪೂಜೆಗೊಂಡನು. ಆತನ ಸಮಾಧಿಯ ಬಳಿ ೧೦೨೦ರಲ್ಲಿ ಮಠವನ್ನು ನೆಲೆಗೊಳಿಸಿದವನು ಡೇನರ ಕುಲದವನೇ ಆದ ಕನೂಟ್ ದೊರೆ. ವಿಧಿಯ ವಿನೋದವೆಂದರೆ ಇದೇ ಅಲ್ಲವೆ?

ಆ ಶತಮಾನದ ಕೊನೆಯ ಭಾಗದಲ್ಲಿ ಬಾಲ್ಡ್ವಿನ್ ಎಂಬ ಮಠಾಧಿಪತಿಯು ಮಠದ ಮುಂದೆ ನೇರವಾದ ಬೀದಿಗಳನ್ನು ಹಾಕಿಸಿ ಪೇಟೆಯನ್ನು ಬೆಳೆಯಿಸಿದನು. ಯಾತ್ರಿಕರೂ ವರ್ತಕರೂ ಬಂದು ಸೇರಿದರು. ಆದರೆ ಊರಿನ ನೆಲ, ಸಂತೆಯ ಸುಂಕ, ನ್ಯಾಯಸ್ಥಾನ, ಎಲ್ಲವೂ ಮಠಕ್ಕೆ ಸೇರಿದವು. ನಮ್ಮ ಶಾಸನಗಳಲ್ಲಿಯೂ ಸಂತೆಯ ಸುಂಕವನ್ನು ದೇವಾಲಯಗಳಿಗೆ ಬಿಟ್ಟ ಸಂಗತಿ ಬರುವುದರಿಂದ ವಾಚಕರಿಗೆ ಇದು ತೀರ ಹೊಸದೆನಿಸಲಾರದು. ಮಠವು ಹುಟ್ಟಿಸಿದ ಪೇಟೆಯು ಮಠಕ್ಕೆ ಎಷ್ಟು ಕಾಲ ಅಧೀನವಾಗಿರಬೇಕೆಂಬುದೇ ಆ ಊರಿನ ಐದು ಶತಮಾನಗಳ ವ್ಯಾಜ್ಯ.

ಈ ವ್ಯಾಜ್ಯದ ಅತ್ಯಂತ ಸ್ವಾರಸ್ಯವಾದ ಪ್ರಸಂಗವನ್ನು ಜೋಸೆಲಿನ್ ಎಂಬ ಸನ್ಯಾಸಿಯು ತನ್ನ ವೃತ್ತಾಂತದಲ್ಲಿ ಬರೆದಿಟ್ಟಿರುವನು. ೧೧೮೨ರಲ್ಲಿ ಮಠಾಧಿಪತಿಯಾದ ಸ್ಯಾಮ್ಸನ್ನನು ದಕ್ಷ, ಮಿತವ್ಯಯಿ, ಆದರೆ ಮಹಾಕೋಪಿಷ್ಠ. ೧೧೯೧ರ ಸುಮಾರಿಗೆ ಹರ್ಬರ್ಟ್ ಎಂಬ ಪಾದ್ರಿಯು ತನ್ನ ಹೊಲದಲ್ಲಿ ಗಾಳಿಗಿರಣಿಯೊಂದನ್ನು ನಿಲ್ಲಿಸಿದನು. ಗಾಳಿಯ ಪ್ರಯೋಜನವು ಯಾರಿಗೂ ತಪ್ಪಬಾರದು, ತನ್ನ ಮನೆಯ ಧಾನ್ಯವನ್ನು ಮಾತ್ರ ಬೀಸಿಕೊಳ್ಳುವೆನು, ಎಂಬುದು ಆತನ ವಾದ. ಸ್ಯಾಮ್ಸನ್ನನು ಒಪ್ಪಲಿಲ್ಲ. ಊರಿನವರು ಸ್ವತಂತ್ರರಾದುದರಿಂದ ಆ ಗಿರಣಿಗೆ ಹೋದರೆ ತಡೆಯಲು ತನಗೆ ನ್ಯಾಯಬಲವಿಲ್ಲ, ಮಠದ ಗಿರಣಿಯ ಆದಾಯ ಹಾಳಾಗುವುದು ಎಂಬುದೇ ಆತನ ಭಯ. ಗಿರಣಿಯನ್ನು ಕೆಡವುವವರೆಗೆ ಅನ್ನ ಮುಟ್ಟೆನೆಂದು ಆಣೆಯಿಟ್ಟನು. ಮಠದ ಆಳುಗಳು ಬರುವ ಮೊದಲೇ ಹರ್ಬರ್ಟನು ತಾನೇ ಅದನ್ನು ಬಿಚ್ಚಿಸಿಬಿಟ್ಟನು. ನ್ಯಾಯ ಯಾರ ಕಡೆಗಿತ್ತೆಂಬುದನ್ನು ಹೇಳಬೇಕಾಗಿಲ್ಲ. ಆದರೂ ತನ್ನ ಒಡೆಯನಿಗೆ ಒಪ್ಪದ ವಾದವನ್ನೂ ಮರೆಮಾಚದೆ ಬರೆದ ಜೋಸೆಲಿನ್ನನ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು. ಕೊಯಿಲಿನ ಕಾಸನ್ನು ಕೊಡದವರ ಮನೆಗಳಿಂದ ಪಾತ್ರೆಪರಡಿಗಳನ್ನು ಒಯ್ಯಲು ಮಠದ ಆಳುಗಳು ಬಂದರೆ ಮುದುಕಿಯರು ನೂಲುವ ಕೋಲುಗಳನ್ನು ಹಿಡಿದು ಬೈಯುತ್ತ ಹೊರಬೀಳುತ್ತಿದ್ದರೆಂಬುದನ್ನೂ ಆತನೇ ತಿಳಿಸಿರುವನು. ಕಾರ್ಲೈಲನು ತನ್ನ ೧೮೪೩ರ ಗ್ರಂಥದಲ್ಲಿ ಸ್ಯಾಮ್ಸನ್ನನನ್ನು ಆದರ್ಶ ಆಡಳಿತಗಾರನೆಂದು ಹೊಗಳಿರುವನು. ಆ ಮುದುಕಿಯರ ಅಭಿಪ್ರಾಯವು ಬೇರೆಯಾಗಿದ್ದಿರಬೇಕು.

ಮುಂದೆ ಕಲಹವು ಬೈಗುಳಿಗೆ ನಿಲ್ಲಲಿಲ್ಲ. ೧೩೨೭ರಲ್ಲಿ ಊರವರು ಮಠಕ್ಕೆ ನುಗ್ಗಿ ಲೂಟಿಮಾಡಿದರು. ಆಮೇಲೆ ಕಟ್ಟಿದ ಮಹಾದ್ವಾರವು ಇಂದಿಗೂ ನಿಂತಿದೆ. ಅದರ ಸೊಗಸಾದ ಗೂಡುಗಳ ಹಿಂದೆ ಬಾಣ ಬಿಡುವ ಕಂಡಿಗಳಿರುವುವು. ೧೩೮೧ರ ರೈತರ ದಂಗೆಯಲ್ಲಿ ಮಠದ ಉಪಾಧಿಪತಿಯ ತಲೆಯೂ ರಾಜ್ಯದ ಮುಖ್ಯ ನ್ಯಾಯಾಧೀಶನಾದ ಕ್ಯಾವೆಂಡಿಷನ ತಲೆಯೂ ಸಂತೆಯ ಚೌಕದಲ್ಲಿ ಪ್ರದರ್ಶಿತವಾದುವು.

ಮಠವನ್ನು ಕಡೆಗೆ ಮುಚ್ಚಿಸಿದವರು ಊರವರಲ್ಲ, ಎಂಟನೆಯ ಹೆನ್ರಿ ದೊರೆ. ೧೫೩೯ರಲ್ಲಿ ಅದು ದೊರೆಯ ವಶವಾಯಿತು. ೧೬೦೬ರಲ್ಲಿ ಒಂದನೆಯ ಜೇಮ್ಸನ ಸನ್ನದಿನಿಂದ ಊರವರಿಗೆ ಪೌರಾಧಿಕಾರ ದೊರೆಯಿತು. ಸುಮಾರು ೫೦೦ ಅಡಿ ಉದ್ದವಾಗಿದ್ದ ಮಠದ ದೇವಾಲಯದ ಕಲ್ಲುಗಳು ಊರಿನ ಗೋಡೆಗಳಲ್ಲಿ ಸೇರಿಹೋದುವು. ಪಶ್ಚಿಮ ಮುಖದ ಭಗ್ನಾವಶೇಷದೊಳಗೇ ಜನರು ಮನೆಗಳನ್ನು ಕಟ್ಟಿಕೊಂಡರು.

ಪ್ರೇಕ್ಷಕನಿಗೆ ಹನ್ನೆರಡನೆಯ ಶತಮಾನದ ಮಾಯ್ಸೆಸ್ ಹಾಲ್ ಎಂಬ ಕಲ್ಲಿನ ಮನೆ, ೧೮೧೯ರ ನಾಟಕಶಾಲೆ, ೨೦೦೫ರಲ್ಲಿ ಗೋಪುರ ಪೂರ್ಣಗೊಂಡ ಕತೀಡ್ರಲ್ ಮೊದಲಾದುವು ಅಲ್ಲಿ ನೋಡತಕ್ಕವು. ಆದರೆ ಬುಧವಾರವಾಗಲಿ ಶನಿವಾರವಾಗಲಿ ಹೋಗುವುದು ಮೇಲು. ಆ ದಿನಗಳಲ್ಲಿ ಬೆಣ್ಣೆಪೇಟೆ, ಧಾನ್ಯದ ದಿಬ್ಬ ಎಂಬ ಹಳೆಯ ಹೆಸರುಗಳನ್ನೇ ಹೊತ್ತ ಬೀದಿಗಳಲ್ಲಿ ಸಂತೆ ಸೇರುವುದು.