ಅಭ್ಯಾಸದೊಳಗೆ ಎಷ್ಟು ಅಭ್ಯಾಸ

"ಸರಿಯಾಗಿ ಅಭ್ಯಾಸ ಮಾಡು" ಎಂದು ಬೆಳಿಗ್ಗೆ ಮಗನಿಗೆ ಹೇಳಿದ ತಾಯಿಯೇ ಸಂಜೆ ಪಕ್ಕದ ಮನೆಯವರ ಹತ್ತಿರ, "ಉಗುರು ಕಚ್ಚೋದು ಅವನಿಗೆ ಮೊದಲಿಂದಲೂ ಅಭ್ಯಾಸ ಕಣ್ರೀ" ಎನ್ನುತ್ತಾಳೆ. ಮಗಳು ಸಂಗೀತಾಭ್ಯಾಸಕ್ಕೆ ಕೂರುತ್ತಾಳೆ, ತಾತ ಯೋಗಾಭ್ಯಾಸ ಮುಗಿಸಿ ಏಳುತ್ತಾರೆ. ರೈಲು ಹಳಿಯ ಪಕ್ಕದಲ್ಲಿ ಮನೆ ಮಾಡಿಕೊಂಡಿರುವ ಚಿಕ್ಕಪ್ಪನನ್ನು ರಾತ್ರಿ ನಿದ್ದೆ ಹೇಗೆ ಬರುತ್ತದೆ ಎಂದು ಕೇಳಿದರೆ, "ಅಭ್ಯಾಸ ಆಗೋಗಿದೆ" ಎನ್ನುತ್ತಾರೆ. ಪಠ್ಯಪುಸ್ತಕದ ಪಾಠ ಮುಗಿಯಿತೋ ಇಲ್ಲವೋ, ಕೆಳಗೆ ದಪ್ಪಕ್ಷರದಲ್ಲಿ ಅದೇ ಪದ.

ಮನಃಶಾಸ್ತ್ರದ ಕಣ್ಣಿನಲ್ಲಿ ಇವು ಒಂದೇ ಅಲ್ಲ. ಓದು, ತಾಲೀಮು, ರೂಢಿ, ಒಗ್ಗಿಕೊಳ್ಳುವುದು ಒಂದೊಂದೂ ಬೇರೆ ಬೇರೆ ರೀತಿಯಲ್ಲಿ ನಡೆಯುವ ಕೆಲಸ. ಆದರೆ ಮಗುವಿನ ಕಿವಿಗೆ ಎಲ್ಲಕ್ಕೂ ಒಂದೇ ಮಾತು ಬೀಳುತ್ತದೆ, ಒಮ್ಮೆ ಅಪ್ಪಣೆಯಾಗಿ, ಇನ್ನೊಮ್ಮೆ ತೀರ್ಪಾಗಿ. ಹೈಸ್ಕೂಲಿನ ಮಕ್ಕಳಿಗೆ ಮನಸ್ಸಿನ ಬಗ್ಗೆ ಮೊದಲ ಪಾಠ ಹೇಳಬೇಕಾದರೆ ಈ ಪದದಿಂದಲೇ ಶುರು ಮಾಡಬೇಕು ಎಂಬುದು ನನ್ನ ಬಲವಾದ ನಂಬಿಕೆ. ಮೈಸೂರಿನಲ್ಲಿ 1924ರಷ್ಟು ಹಿಂದೆಯೇ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾಯಿತು. ಅಂಥ ನಾಡಿನಲ್ಲಿ ಇವತ್ತಿಗೂ ಪಿಯುಸಿಯಲ್ಲಿ ಆ ವಿಷಯ ಆಯ್ದುಕೊಂಡವರಿಗೆ ಮಾತ್ರ ಈ ಮಾತುಗಳು ಸಿಗುತ್ತವೆ. ಉಗುರು ಕಚ್ಚುವ ವಯಸ್ಸಿನವರಿಗೆ ಸಿಗುವುದಿಲ್ಲ.

ಪದದ ಹುಟ್ಟು ಸಂಸ್ಕೃತದ್ದು. 'ಅಸ್' ಎಂದರೆ ಎಸೆ. ಅದಕ್ಕೆ 'ಅಭಿ' ಸೇರಿ, ಒಂದು ಗುರಿಯ ಕಡೆಗೆ ಮತ್ತೆ ಮತ್ತೆ ಎಸೆಯುವುದು ಎಂಬ ಅರ್ಥ ಕೂಡಿಕೊಂಡಿತು. ಪಾಣಿನಿಯ ವ್ಯಾಕರಣದಲ್ಲಿ 'ದದಾತಿ' ಎಂಬಲ್ಲಿ ಧಾತು ಇಮ್ಮಡಿಯಾಗಿ ಮೊದಲಿಗೆ ಬರುವ 'ದ'ಕಾರಕ್ಕೂ ಅಭ್ಯಾಸವೆಂದೇ ಹೆಸರು. ಪತಂಜಲಿಯ ಯೋಗಸೂತ್ರದಲ್ಲಿ ಅದು ವೈರಾಗ್ಯದ ಜೋಡಿಯಾಗಿ ಬರುತ್ತದೆ. ಕನ್ನಡಕ್ಕೆ ಬಂದ ಮೇಲೆ ಶಾರದೆಯ ಸನ್ನಿಧಿಯಲ್ಲಿ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ತಿದ್ದಿಸುವ ಅಕ್ಷರಾಭ್ಯಾಸದಿಂದ ದುರಭ್ಯಾಸದವರೆಗೂ ಹಬ್ಬಿತು.

ಹೀಗೆ ಹಬ್ಬಿದ ಪದದ ಸುತ್ತ ನಮ್ಮ ಮನೆಮಾತು ತನ್ನದೇ ಗಡಿಗಳನ್ನು ಎಳೆದುಕೊಂಡಿದೆ. ಕೆಲಸ ಮಾಡಿ ಮಾಡಿ ಬಂದ ಜಾಣ್ಮೆಗೆ 'ಕೈ ಪಳಗಿದೆ' ಎನ್ನುತ್ತೇವೆ. ಯೋಚಿಸದೆಯೇ ನಡೆದುಹೋಗುವುದು 'ರೂಢಿ'. ತೊಂದರೆ ಕೊಡುತ್ತಿದ್ದದ್ದು ಕಾಡದಂತಾದರೆ 'ಒಗ್ಗಿಹೋಯಿತು'. ಬಿಟ್ಟೆನೆಂದರೂ ಬಿಡದಿದ್ದರೆ 'ಚಟ', ಬೈಯಬೇಕೆನಿಸಿದರೆ 'ಹಳೇ ಚಾಳಿ'. 'ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ' ಎಂದ ಗಾದೆಗೆ, ಮತ್ತೆ ಮತ್ತೆ ಮಾಡಿದ್ದೆಲ್ಲ ಒಳ್ಳೆಯದೇ ಆಗಬೇಕಿಲ್ಲ ಎಂಬುದೂ ಗೊತ್ತಿತ್ತು.

'ಕೈ ಪಳಗಿದೆ' ಎನ್ನುವುದನ್ನೇ ನೋಡಿ. ಮನಃಶಾಸ್ತ್ರದ ಪ್ರಾಯೋಗಿಕ ತರಗತಿಯಲ್ಲಿ ಕನ್ನಡಿ ಚಿತ್ರದ ಪ್ರಯೋಗವೊಂದಿದೆ. ಜೋಡಿ ಗೆರೆಯಲ್ಲಿ ಬರೆದ ನಕ್ಷತ್ರದ ಹಾಳೆಯನ್ನು ಮೇಜಿನ ಮೇಲಿಟ್ಟು, ಕೈ ನೇರವಾಗಿ ಕಾಣದಂತೆ ಅಡ್ಡ ಹಲಗೆ ಹಿಡಿದು, ಎದುರಿಗೆ ಕನ್ನಡಿ ಇಡುತ್ತಾರೆ. ಕನ್ನಡಿಯಲ್ಲಿ ಮಾತ್ರ ನೋಡುತ್ತಾ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಮೊದಲ ಸಲ ಮೂಲೆ ಬಂದ ಕಡೆಯಲ್ಲೆಲ್ಲ ಕೈ ತಡವರಿಸುತ್ತದೆ. ಮೇಲಕ್ಕೆ ಎಂದುಕೊಂಡರೆ ಕೆಳಕ್ಕೆ ಜಾರುತ್ತದೆ. ಕೆಲವರು ಒಂದೇ ಕಡೆ ಗೀಚಿ ಗೀಚಿ ಹಾಳೆ ಹರಿಯುವುದೂ ಉಂಟು. ನಾಲ್ಕೈದು ಸಲವಾಗುವಷ್ಟರಲ್ಲಿ ಗೆರೆ ದಾಟುವುದು ಕಡಿಮೆಯಾಗುತ್ತದೆ. ಹೇಗೆ ಬಂತು ಎಂದು ಕೇಳಿದರೆ ಹುಡುಗರಿಗೆ ವಿವರಿಸಲು ಆಗುವುದಿಲ್ಲ, "ಬಂತು ಸಾರ್" ಎನ್ನುತ್ತಾರೆ.

ಇದೇ ಪ್ರಯೋಗವನ್ನು ನರಮನಃಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಅವರು ಹೆನ್ರಿ ಮೊಲೈಸನ್ ಎಂಬ ಅಮೆರಿಕದ ರೋಗಿಗೆ ಮಾಡಿಸಿದರು. 1953ರಲ್ಲಿ ಮೂರ್ಛೆರೋಗಕ್ಕಾಗಿ ಮಿದುಳಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವರಲ್ಲಿ ಹೊಸ ನೆನಪು ಯಾವುದೂ ನಿಲ್ಲುತ್ತಿರಲಿಲ್ಲ. ಮೂರು ದಿನ ನಕ್ಷತ್ರ ತಿದ್ದಿದರು. ಪ್ರತಿ ದಿನವೂ ಹಿಂದಿನ ದಿನ ಅದನ್ನು ಮಾಡಿದ್ದೇ ಅವರಿಗೆ ನೆನಪಿಲ್ಲ. ಆದರೂ ಕೈ ಮಾತ್ರ ದಿನದಿಂದ ದಿನಕ್ಕೆ ಚುರುಕಾಯಿತು. ಪಾಠದ ನೆನಪಿಗೂ ಕೈಯ ನೆನಪಿಗೂ ಮಿದುಳಿನಲ್ಲಿ ಬೇರೆ ಬೇರೆ ವ್ಯವಸ್ಥೆಯಿದೆ ಎಂಬುದು ಇದರಿಂದ ತಿಳಿಯಿತು. ಪಳಗುವುದು ಕೈ ಎಂದೇ ನಮ್ಮವರು ಹೇಳಿಕೊಂಡು ಬಂದದ್ದು ನನಗೆ ಬಹಳ ಇಷ್ಟ.

ಒಗ್ಗಿಕೊಳ್ಳುವುದು ಇನ್ನೊಂದು ಬಗೆ. ಅಲ್ಲಿ ಹೊಸದೇನೂ ಕೈಗೆ ಬರುವುದಿಲ್ಲ; ಇದ್ದ ಪ್ರತಿಕ್ರಿಯೆ ಕಡಿಮೆಯಾಗುತ್ತದೆ. ನರವಿಜ್ಞಾನಿ ಎರಿಕ್ ಕ್ಯಾಂಡೆಲ್ ಅವರು ಇದನ್ನು ಅಪ್ಲೀಸಿಯಾ ಎಂಬ ಕಡಲ ಬಸವನಹುಳುವಿನಲ್ಲಿ ನರಕೋಶದ ಮಟ್ಟಕ್ಕಿಳಿದು ನೋಡಿದರು. 2000ದಲ್ಲಿ ನೊಬೆಲ್ ಹಂಚಿಕೊಂಡರು. ಹಗುರವಾಗಿ ಮುಟ್ಟಿದರೆ ಹುಳು ಕಿವಿರನ್ನು ಒಳಗೆಳೆದುಕೊಳ್ಳುತ್ತದೆ. ಮತ್ತೆ ಮತ್ತೆ ಮುಟ್ಟಿದರೆ ಎಳೆದುಕೊಳ್ಳುವುದು ಕಡಿಮೆಯಾಗುತ್ತಾ ಬರುತ್ತದೆ. ಆದರೆ ಅದರ ಬಾಲಕ್ಕೆ ವಿದ್ಯುತ್ತಿನ ಒಂದು ಆಘಾತ ಕೊಟ್ಟರೆ, ಆಮೇಲೆ ಹಗುರವಾಗಿ ಮುಟ್ಟಿದರೂ ಮೊದಲಿಗಿಂತ ಜೋರಾಗಿ ಮುದುಡಿಕೊಳ್ಳುತ್ತದೆ. ನೋವಿಲ್ಲದ್ದಕ್ಕೆ ಒಗ್ಗಿದ ಜೀವವೇ ನೋವಾದಾಗ ಬೆದರಿ ಸೂಕ್ಷ್ಮವಾಯಿತು.

"ನಮ್ಮ ಹುಡುಗನಿಗೆ ಏಟು ತಿಂದು ತಿಂದು ಅಭ್ಯಾಸ ಆಗೋಗಿದೆ" ಎಂದು ನಗುತ್ತಾ ಹೇಳುವ ಹಿರಿಯರಿದ್ದಾರೆ. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮಗು ಸುಮ್ಮನೆ ನಿಂತಿದೆ ಎಂದರೆ ಒಗ್ಗಿದೆ ಎಂದಲ್ಲ. ಮೇಷ್ಟ್ರು ಕೈ ಎತ್ತಿದರೆ ಸಾಕು, ಅದು ಹಲಗೆಯ ಮೇಲೆ ಬರೆಯಲೆಂದೇ ಎತ್ತಿದ ಕೈಯಾದರೂ, ಮುಖ ಮುಚ್ಚಿಕೊಳ್ಳುವ ಮಗುವನ್ನು ನೋಡಿದವರು ಆ ಪದವನ್ನು ಅಲ್ಲಿ ಬಳಸಲಾರರು. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ನಮ್ಮ ಮಾತಿನಲ್ಲಿ ಮಾತ್ರ ಅದಕ್ಕೆ ಇನ್ನೂ ಜಾಗವಿದೆ.

ಇನ್ನು ಅಪ್ಪಣೆಯ ಅಭ್ಯಾಸ. ಶಿಕ್ಷಕರ ತರಬೇತಿ ಪಡೆದವರಿಗೆಲ್ಲ ಮನಃಶಾಸ್ತ್ರಜ್ಞ ಥಾರ್ನ್‌ಡೈಕ್ ಅವರ ಪ್ರಯೋಗದ ಬೆಕ್ಕು ಗೊತ್ತು, ಪ್ರಯತ್ನ-ಪ್ರಮಾದ ಕಲಿಕೆ ಗೊತ್ತು, ಸಿದ್ಧತಾ ನಿಯಮ, ಅಭ್ಯಾಸ ನಿಯಮ, ಪರಿಣಾಮ ನಿಯಮ ಎಂಬ ಮೂರು ಬಾಯಿಪಾಠ. ಮಾಡಿದಷ್ಟೂ ಗಟ್ಟಿಯಾಗುತ್ತದೆ ಎಂಬುದು ಎರಡನೆಯದರ ಸಾರ. ಆದರೆ ಇದೇ ಥಾರ್ನ್‌ಡೈಕ್ ಮುಂದೆ ಜನರ ಕಣ್ಣು ಮುಚ್ಚಿಸಿ, ಇಷ್ಟೇ ಉದ್ದದ ಗೆರೆ ಎಳೆಯಿರಿ ಎಂದು ಸಾವಿರಾರು ಗೆರೆ ಎಳೆಸಿದರು. ಸರಿಯೋ ತಪ್ಪೋ ತಿಳಿಸಲಿಲ್ಲ. ಕೊನೆಯ ಗೆರೆಗಳು ಮೊದಲಿನವಕ್ಕಿಂತ ಮೇಲಾಗಿರಲಿಲ್ಲ. 1929ರಲ್ಲಿ ಯೇಲ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಮನಃಶಾಸ್ತ್ರ ಸಮ್ಮೇಳನದಲ್ಲಿ ತಮ್ಮ ಹಿಂದಿನ ಮಾತು ತಪ್ಪೆಂದು ಅವರೇ ಒಪ್ಪಿಕೊಂಡರು. ನಮ್ಮ ತರಗತಿಗಳಲ್ಲಿ ಬೆಕ್ಕಿನ ಕಥೆಯಷ್ಟೇ ವಿಸ್ತಾರವಾಗಿ ಇದನ್ನೂ ಹೇಳಬೇಕು. ಸರಿಯೋ ತಪ್ಪೋ ತಿಳಿಸದೆ ಹತ್ತು ಸಲ ಬರೆಸಿದ ಮಾತ್ರಕ್ಕೆ ಮಗುವಿನ ಕಾಗುಣಿತ ಸರಿಹೋಗುವುದಿಲ್ಲ.

ಓದಿದ್ದನ್ನೇ ಓದುವ ಅಭ್ಯಾಸದ ಹಣೆಬರಹವೂ ಇದೇ. 2006ರಲ್ಲಿ ಮನಃಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕ್ ಒಂದು ಗುಂಪಿಗೆ ಒಂದು ಗದ್ಯಭಾಗವನ್ನು ನಾಲ್ಕು ಬಾರಿ ಓದಿಸಿದರು. ಇನ್ನೊಂದು ಗುಂಪಿಗೆ ಒಂದೇ ಬಾರಿ ಓದಿಸಿ, ಮೂರು ಬಾರಿ ಪುಸ್ತಕವಿಲ್ಲದೆ ನೆನಪಿನಿಂದ ಬರೆಸಿದರು. ಐದು ನಿಮಿಷ ಬಿಟ್ಟು ನೋಡಿದಾಗ ಓದಿದವರದ್ದೇ ಮೇಲುಗೈ. ವಾರದ ನಂತರ ಓದಿದವರಿಗೆ ನೆನಪಿದ್ದದ್ದು ಶೇ. 40ರಷ್ಟು, ಬರೆದವರಿಗೆ ಶೇ. 61ರಷ್ಟು. ಪಾಠದ ಕೊನೆಯ ಪ್ರಶ್ನೆಗಳಿಗೆ ಅಭ್ಯಾಸ ಎಂದು ಹೆಸರಿಟ್ಟವರು ಸರಿಯಾಗಿಯೇ ಇಟ್ಟರು; ಗೈಡು ನೋಡಿ ಉತ್ತರ ಇಳಿಸಿಕೊಳ್ಳುವುದು ಮಾತ್ರ ಆ ಹೆಸರಿಗೆ ತಕ್ಕ ಕೆಲಸವಲ್ಲ.

ರೂಢಿಯ ವಿಷಯಕ್ಕೆ ಬಂದರೆ, 21 ದಿನದಲ್ಲಿ ಯಾವುದನ್ನಾದರೂ ರೂಢಿ ಮಾಡಿಕೊಳ್ಳಬಹುದು ಎಂಬ ಮಾತು ಎಲ್ಲೆಲ್ಲೂ ಓಡಾಡುತ್ತಿದೆ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದಕ್ಕೆ ಸುಮಾರು 66 ದಿನ ಹಿಡಿಯಿತು. ಒಬ್ಬೊಬ್ಬರ ಲೆಕ್ಕ 18ರಿಂದ 254 ದಿನಗಳವರೆಗೂ ಹರಡಿತ್ತು. ನಡುವೆ ಒಂದು ದಿನ ತಪ್ಪಿದರೆ ಕೆಡುವಂಥದ್ದೇನೂ ಇರಲಿಲ್ಲ. ಬೆಳಿಗ್ಗೆ ಏಳುವುದು ಒಂದು ದಿನ ತಪ್ಪಿತೆಂದು ಕೈಚೆಲ್ಲುವ ಹತ್ತನೇ ತರಗತಿಯವರಿಗೆ ಇದನ್ನು ಯಾರಾದರೂ ಹೇಳಬೇಕು.

'ಅಭ್ಯಾಸ ತಪ್ಪಿಹೋಗಿದೆ' ಎಂಬ ಮಾತೂ ಇದೆಯಲ್ಲ. ಯಾದಗಿರಿ, ರಾಯಚೂರಿನ ಕಡೆ ಅಪ್ಪ ಅಮ್ಮನ ಜೊತೆ ಗುಳೆ ಹೋಗಿ ತಿಂಗಳುಗಟ್ಟಲೆ ಶಾಲೆ ಬಿಟ್ಟಿದ್ದ ಮಕ್ಕಳು ವಾಪಸು ಬಂದಾಗ ಕೇಳುವ ಮಾತು ಅದು. ಮಗ್ಗಿ ಕೇಳಿದರೆ ಸುಮ್ಮನೆ ನಿಲ್ಲುತ್ತವೆ, ಎಲ್ಲ ಹೋಯಿತು ಎಂದುಕೊಂಡು ಹಿಂದಿನ ಬೆಂಚಿಗೆ ಕಳಿಸುತ್ತಾರೆ. ಆದರೆ ಮರೆತದ್ದು ಪೂರ್ತಿ ಹೋಗಿರುವುದಿಲ್ಲ. ಮನಃಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಮರೆತು, ಮತ್ತೆ ಕಲಿತು ಲೆಕ್ಕ ಇಟ್ಟು, 1885ರಲ್ಲಿ ಪ್ರಕಟಿಸಿದರು. 31 ದಿನ ಕಳೆದ ಮೇಲೂ ಎರಡನೆಯ ಸಲ ಕಲಿಯಲು ಮೊದಲಿಗಿಂತ ಐದರಲ್ಲಿ ಒಂದು ಪಾಲು ಶ್ರಮ ಕಡಿಮೆ ಸಾಕಾಯಿತು. ಗುಳೆಯಿಂದ ಬಂದ ಮಗುವಿಗೆ ಮೊದಲ ವಾರ ಹೊಸ ಪಾಠ ಬೇಡ. ಹೋಗುವ ಮುಂಚೆ ಕಲಿತಿದ್ದ ಮಗ್ಗಿಯನ್ನೇ, ಮೊದಲ ಸಾಲನ್ನು ಮೇಷ್ಟ್ರು ಹೇಳಿಕೊಟ್ಟು, ಅದರ ಕೈಲೇ ಮುಂದುವರಿಸಲಿ.