ಒಂದು ಸಂಖ್ಯೆ, ಮೂರು ವರ್ಷದ ಭಾನುವಾರಗಳು



ಚದುರಂಗದ ಮಣೆಯ ಕಥೆ ನಮಗೆಲ್ಲ ಗೊತ್ತು. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಹೀಗೆ ದುಪ್ಪಟ್ಟು ಮಾಡುತ್ತಾ ಹೋದರೆ ರಾಜನ ಕಣಜವೇ ಬರಿದು! ಮಣೆಯಲ್ಲಿ 64ರ ಬದಲು 67 ಮನೆಗಳಿದ್ದರೆ ಒಟ್ಟು ಕಾಳು ಎಷ್ಟು? 67 ಎರಡುಗಳನ್ನು ಗುಣಿಸಿ, ಬಂದದ್ದರಲ್ಲಿ ಒಂದು ಕಳೆದರೆ ಉತ್ತರ ಸಿಗುತ್ತದೆ: 147573952589676412927. ಈ 21 ಅಂಕಿಗಳ ಸಂಖ್ಯೆಗೆ ಒಂದು ಚರಿತ್ರೆಯಿದೆ. ಅದು ಶುರುವಾಗುವುದು ಒಬ್ಬ ಗುರುಗಳಿಂದ.

ಮರೆನ್ ಮೆರ್ಸೆನ್ (1588–1648) ಪ್ಯಾರಿಸಿನಲ್ಲಿದ್ದ ಮಿನಿಮ್ ಸಭೆಯ ಗುರುಗಳು. ಆಗ ವಿಜ್ಞಾನ ಪತ್ರಿಕೆಗಳಿರಲಿಲ್ಲ. ದೆಕಾರ್ತ್, ಫರ್ಮಾ ಮುಂತಾದವರ ವಿಚಾರಗಳು ಒಬ್ಬರಿಂದೊಬ್ಬರಿಗೆ ತಲುಪಲು ಇವರ ಪತ್ರಗಳೇ ದಾರಿಯಾಗಿದ್ದವು. 1644ರಲ್ಲಿ ಅವರು ಒಂದು ಪಟ್ಟಿ ಪ್ರಕಟಿಸಿದರು. ಎರಡನ್ನು ಎಷ್ಟು ಸಲ ಬರೆದು ಗುಣಿಸಿ ಒಂದು ಕಳೆದರೆ ಅವಿಭಾಜ್ಯ ಸಂಖ್ಯೆ ಸಿಗುತ್ತದೆ ಎಂಬ ಪಟ್ಟಿ ಅದು. ಅದರಲ್ಲಿ 67 ಕೂಡ ಇತ್ತು. ಇಷ್ಟು ದೊಡ್ಡ ಸಂಖ್ಯೆಗಳನ್ನು ಪೂರ್ತಿ ಪರೀಕ್ಷಿಸಲು ಕಾಲವೇ ಸಾಲದೆಂದು ಮೆರ್ಸೆನ್ ತಾವೇ ಒಪ್ಪಿಕೊಂಡಿದ್ದರು. ಆದರೂ ಆ 67 ಎರಡು ಶತಮಾನ ಪಟ್ಟಿಯಲ್ಲೇ ಉಳಿಯಿತು.

1876ರಲ್ಲಿ ಫ್ರಾನ್ಸಿನ ಎದುವಾರ್ ಲ್ಯೂಕಾ ಹೊಸ ಪರೀಕ್ಷೆಯೊಂದನ್ನು ಕಂಡುಹಿಡಿದು, ಈ ಸಂಖ್ಯೆ ಅವಿಭಾಜ್ಯವಲ್ಲ ಎಂದು ತೋರಿಸಿದರು. ಆದರೆ ಅದನ್ನು ಯಾವ ಸಂಖ್ಯೆಗಳು ಭಾಗಿಸುತ್ತವೆ ಎಂದು ಆ ಪರೀಕ್ಷೆ ಹೇಳುವುದಿಲ್ಲ. ಗಾಯನ ಮಂಡಳಿಯಲ್ಲಿ ಯಾರದೋ ಸ್ವರ ತಪ್ಪಿದೆ ಎಂದು ಕಿವಿಗೆ ಗೊತ್ತಾಗುತ್ತದೆ, ಯಾರದೆಂದು ಗೊತ್ತಾಗುವುದಿಲ್ಲ, ಇದೂ ಹಾಗೆಯೇ.

ಹುಡುಕಲು ಒಂದು ಸುಳಿವಿದೆ. ಈ ಸಂಖ್ಯೆಯ ಯಾವ ಅಪವರ್ತನವನ್ನಾದರೂ 67ರ ಎರಡರಷ್ಟಾದ 134ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಹಾಗಾಗಿ 135, 269, 403 ಎಂದು ಸಾಲಾಗಿ ನೋಡುತ್ತಾ ಹೋಗಬಹುದು. ಆದರೆ ಉತ್ತರ ಅಡಗಿದ್ದದ್ದು ಆ ಸಾಲಿನ 14,45,580ನೇ ಸ್ಥಾನದಲ್ಲಿ! ಅಮೆರಿಕದ ಪ್ರಾಧ್ಯಾಪಕ ಫ್ರಾಂಕ್ ನೆಲ್ಸನ್ ಕೋಲ್ ಇನ್ನೂ ಸೂಕ್ಷ್ಮವಾದ ಜರಡಿಗಳನ್ನು ಬಳಸಿ ಅದನ್ನು ಹಿಡಿದರು.

1903ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕನ್ ಗಣಿತ ಸಂಘದ ಸಭೆ ಸೇರಿತ್ತು. ಅಂದು ನಡೆದದ್ದನ್ನು ಗಣಿತಜ್ಞ ಇ. ಟಿ. ಬೆಲ್ ಮುಂದೆ ಹೀಗೆ ಬರೆದರು: ಕೋಲ್ ಮಾತಾಡದೆ ಕಪ್ಪು ಹಲಗೆಯ ಬಳಿ ಹೋಗಿ ಒಂದು ಕಡೆ ಆ 21 ಅಂಕಿಗಳ ಸಂಖ್ಯೆಯನ್ನು ಲೆಕ್ಕ ಹಾಕಿದರು. ಇನ್ನೊಂದು ಕಡೆ 193707721ನ್ನು 761838257287ರಿಂದ ಕೈಯಲ್ಲೇ ಗುಣಿಸಿದರು. ಎರಡೂ ಒಂದೇ! ಒಂದು ಮಾತೂ ಆಡದೆ ಹೋಗಿ ಕುಳಿತರು. ಸಭೆ ಚಪ್ಪಾಳೆ ತಟ್ಟಿತು. ಇದಕ್ಕೆ ಎಷ್ಟು ಕಾಲ ಹಿಡಿಯಿತೆಂದು ಬೆಲ್ ಕೇಳಿದಾಗ ಕೋಲ್ ಕೊಟ್ಟ ಉತ್ತರ: ಮೂರು ವರ್ಷದ ಭಾನುವಾರಗಳು.

ಮೆರ್ಸೆನ್ ಪಟ್ಟಿಯಲ್ಲಿ 257 ಕೂಡ ತಪ್ಪು; ಸೇರಬೇಕಾಗಿದ್ದ 61, 89, 107 ಬಿಟ್ಟುಹೋಗಿದ್ದವು. ಹಾಗೆಂದು ಯಾರೂ ಅವರನ್ನು ಮರೆಯಲಿಲ್ಲ. ಇಂಥ ಅವಿಭಾಜ್ಯಗಳಿಗೆ ಇಂದಿಗೂ ಅವರದೇ ಹೆಸರು. ದೊಡ್ಡವರ ಮಾತನ್ನು ಪರೀಕ್ಷಿಸಿ ನೋಡುವುದು ಅಗೌರವವಲ್ಲ. ಅವರು ಶುರು ಮಾಡಿದ ಕೆಲಸವನ್ನು ಮುಂದುವರಿಸುವುದು. ವಾಟ್ಸಾಪ್‌ನಲ್ಲಿ ಬಂದದ್ದನ್ನೆಲ್ಲ ಮುಂದಕ್ಕೆ ಕಳುಹಿಸುವ ನಮಗೆ ಇದು ನೆನಪಿರಲಿ.

ನನ್ನ ಮಾತನ್ನೂ ಹಾಗೆಯೇ ನಂಬಬೇಡಿ. ಬರುವ ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಕಾಗದ, ಪೆನ್ನು ಹಿಡಿದು ಆ ಎರಡು ಸಂಖ್ಯೆಗಳನ್ನು ನೀವೇ ಗುಣಿಸಿ ನೋಡಿ. ಫೋನಿನ ಕ್ಯಾಲ್ಕುಲೇಟರ್‌ನಲ್ಲಿ 21 ಅಂಕಿಗಳೂ ಕಾಣದಿರಬಹುದು.