ಕಳಿಸುವವರು, ಬರಮಾಡಿಕೊಳ್ಳುವವರು

ಶಾಲೆ ಮುಗಿಸಿದ ಮಕ್ಕಳು ವಿಶ್ವವಿದ್ಯಾಲಯ ಸೇರುವ ಮುನ್ನ ಒಂದು ವರ್ಷ ಪರದೇಶದಲ್ಲಿ ಕಳೆದು ಬರುವುದು ಬ್ರಿಟನ್ನಿನಲ್ಲಿ ಈಗ ಯಾರೂ ಹುಬ್ಬೇರಿಸದಷ್ಟು ಸಾಮಾನ್ಯ ಸಂಗತಿ. ಗ್ಯಾಪ್ ಇಯರ್ ಎಂದು ಕರೆಸಿಕೊಳ್ಳುವ ಈ ವರ್ಷದ ಕಥೆಯನ್ನು ಹೆಚ್ಚಾಗಿ ಹೋಗಿ ಬಂದವರೇ ಹೇಳುತ್ತಾರೆ. ರೆಡಿಂಗ್ ಊರಿನಲ್ಲಿ ಸಂಸಾರ ಹೂಡಿ, ಇದೀಗ ಹದಿನೆಂಟರ ಮಗಳನ್ನು ಘಾನಾ ದೇಶಕ್ಕೆ ಕಳಿಸಲು ಅಣಿಮಾಡುತ್ತಿರುವ ನನಗೆ ಬೇಕಾದದ್ದು ಇನ್ನೊಂದು ಕಥೆ. ಹಿಂದಿನ ತಂದೆತಾಯಂದಿರು ಯಾವ ಧೈರ್ಯದ ಮೇಲೆ ಮಕ್ಕಳನ್ನು ಕಳಿಸಿದರು? ಆಚೆ ದಡದಲ್ಲಿ ಅವರನ್ನು ಕೈಹಿಡಿದು ಇಳಿಸಿಕೊಂಡವರು ಯಾರು? ಈ ಪದ್ಧತಿಯ ಇತಿಹಾಸವನ್ನು ನಾನು ಓದುತ್ತಿರುವುದು ಈ ಎರಡು ಪ್ರಶ್ನೆ ಇಟ್ಟುಕೊಂಡು.

ಇದರ ಮೂಲಪುರುಷರು ಸಿರಿವಂತರ ಮಕ್ಕಳು. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ಶ್ರೀಮಂತ ಮನೆತನಗಳು ಗಂಡುಮಕ್ಕಳನ್ನು ಫ್ರಾನ್ಸ್, ಇಟಲಿಗಳಿಗೆ ಎರಡು ಮೂರು ವರ್ಷ ಕಳಿಸುತ್ತಿದ್ದವು. ಗ್ರ್ಯಾಂಡ್ ಟೂರ್ ಎಂಬ ಆ ಹೆಸರು 1670ರಲ್ಲಿ ಪ್ರಕಟವಾದ ರಿಚರ್ಡ್ ಲ್ಯಾಸೆಲ್ಸ್‌ನ ಇಟಲಿ ಪ್ರವಾಸಗ್ರಂಥದಿಂದ ಬಳಕೆಗೆ ಬಂತು. ಲ್ಯಾಸೆಲ್ಸ್ ಸ್ವತಃ ಇಂಥ ಹುಡುಗರ ಜೊತೆಗೆ ಹೋಗುತ್ತಿದ್ದ ಶಿಕ್ಷಕ. ತಂದೆಯ ಸಿದ್ಧತೆಯಲ್ಲಿ ಮೊದಲನೆಯದು ಅಂಥ ಒಬ್ಬ ಶಿಕ್ಷಕನನ್ನು ಹುಡುಕುವುದು. ಎರಡನೆಯದು ದುಡ್ಡಿನ ದಾರಿ. ಚಿನ್ನದ ನಾಣ್ಯ ಹೊತ್ತು ಆಲ್ಪ್ಸ್ ದಾಟಿದರೆ ಕಳ್ಳರ ಪಾಲಾಗುತ್ತದೆಂದು ಬ್ಯಾಂಕರುಗಳ ಹುಂಡಿಪತ್ರ ಕೊಟ್ಟು ಕಳಿಸುತ್ತಿದ್ದರು. ರಾಬರ್ಟ್ ಹೆರೀಸ್ ಎಂಬ ಬ್ಯಾಂಕರ್ 1772ರಲ್ಲಿ ಯುರೋಪಿನ ಹಲವು ನಗರಗಳಲ್ಲಿ ನಗದಾಗಿಸಿಕೊಳ್ಳಬಹುದಾದ ಪತ್ರಗಳನ್ನು ಹೊರಡಿಸಿದ. ಟ್ರಾವೆಲರ್ಸ್ ಚೆಕ್ಕಿನ ಪೂರ್ವಜ ಅದೇ. ಮೂರನೆಯದು ಪರಿಚಯಪತ್ರಗಳು: ಪ್ಯಾರಿಸ್ಸಿನಲ್ಲಿ ಇಂಥವರ ಮನೆ, ರೋಮಿನಲ್ಲಿ ಇಂಥವರ ಮನೆ, ಈ ಪತ್ರ ತಂದವನು ನಮ್ಮ ಹುಡುಗ, ನೋಡಿಕೊಳ್ಳಿ.

ಲಾರ್ಡ್ ಚೆಸ್ಟರ್‌ಫೀಲ್ಡ್ ತನ್ನ ಮಗ ಫಿಲಿಪ್ ಸ್ಟ್ಯಾನೋಪ್‌ನನ್ನು ವಾಲ್ಟರ್ ಹಾರ್ಟ್ ಎಂಬ ಶಿಕ್ಷಕನ ಜೊತೆ ಕಳಿಸಿ, ಮನೆಯಲ್ಲಿ ಕುಳಿತು ಪತ್ರದ ಮೇಲೆ ಪತ್ರ ಬರೆದ. ಯಾರ ಮನೆಗೆ ಹೋಗಬೇಕು, ಸಭೆಯಲ್ಲಿ ಹೇಗೆ ನಡೆದುಕೊಳ್ಳಬೇಕು, ಹಲ್ಲು ಹೇಗೆ ಉಜ್ಜಬೇಕು ಎಂಬುದರ ತನಕ ಅದರಲ್ಲಿ ಬುದ್ಧಿವಾದವಿದೆ. ಮಗ 1768ರಲ್ಲಿ ತಂದೆಗಿಂತ ಮೊದಲೇ ತೀರಿಕೊಂಡ. ಆ ಪತ್ರಗಳನ್ನು 1774ರಲ್ಲಿ ಅಚ್ಚು ಹಾಕಿಸಿದವಳು ಸೊಸೆ ಯುಜೀನಿಯಾ. ಲೋಕ ಅವುಗಳನ್ನು ನಡವಳಿಕೆಯ ಪಾಠವೆಂದು ಓದಿತು. ನನಗೆ ಕಾಣುವುದು, ಮಗನಿದ್ದಲ್ಲಿ ತಾನಿರಲಾರದ ಒಬ್ಬ ತಂದೆಯ ತಳಮಳ.

ಅರ್ಥಶಾಸ್ತ್ರದ ಆಡಂ ಸ್ಮಿತ್ ಕೂಡ ಇಂಥದೊಂದು ಪ್ರವಾಸಕ್ಕೆ ಶಿಕ್ಷಕನಾಗಿ ಹೋಗಿದ್ದ. ತರುಣ ಡ್ಯೂಕ್ ಆಫ್ ಬಕ್ಲೂನ ಮಲತಂದೆ ಚಾರ್ಲ್ಸ್ ಟೌನ್‌ಶೆಂಡ್, ವರ್ಷಕ್ಕೆ 300 ಪೌಂಡ್ ಸಂಬಳ, ಆಮೇಲೆ ಬದುಕಿರುವ ತನಕ ಅಷ್ಟೇ ಪಿಂಚಣಿ ಎಂದು ಗೊತ್ತುಮಾಡಿ ಅವನನ್ನು ಕರೆದ. ಸ್ಮಿತ್ ಗ್ಲ್ಯಾಸ್ಗೋದ ಪ್ರಾಧ್ಯಾಪಕ ಹುದ್ದೆ ಬಿಟ್ಟು 1764ರಲ್ಲಿ ಹೊರಟ. ತುಲೂಸ್, ಜಿನೀವಾ, ಪ್ಯಾರಿಸ್. ನಡುವೆ ಡ್ಯೂಕ್‌ನ ತಮ್ಮ ಹ್ಯೂ ಬಂದು ಸೇರಿಕೊಂಡ. 1766ರಲ್ಲಿ ಮೊದಲು ಅಣ್ಣ ಜ್ವರ ಹಿಡಿದು ಮಲಗಿ ಎದ್ದ. ಅಕ್ಟೋಬರಿನಲ್ಲಿ ತಮ್ಮ ಮಲಗಿದ, ಏಳಲಿಲ್ಲ. ಸ್ಮಿತ್ ರೋಗಿಯ ಪಕ್ಕದಲ್ಲೇ ಇದ್ದು ಆರೈಕೆ ಮಾಡಿದ. ಹ್ಯೂ ಪ್ಯಾರಿಸ್ಸಿನಲ್ಲೇ ಕಣ್ಣು ಮುಚ್ಚಿದ ಮೇಲೆ ಪ್ರವಾಸ ಅಲ್ಲಿಗೇ ಮುಗಿಯಿತು. ಹತ್ತು ವರ್ಷದ ನಂತರ, 1776ರ ತನ್ನ ಮಹಾಗ್ರಂಥದಲ್ಲಿ ಸ್ಮಿತ್ ಈ ಪದ್ಧತಿಯನ್ನೇ ಖಂಡಿಸಿದ. ಶಾಲೆಯಿಂದ ನೇರವಾಗಿ ಪರದೇಶಕ್ಕೆ ಹೋದ ಹುಡುಗರು ಜಂಬ ಕಲಿತು, ದುಡಿಮೆಗೆ ಬಾರದವರಾಗಿ ಹಿಂದಿರುಗುತ್ತಾರೆ. ಮಗ ಕಣ್ಣೆದುರೇ ಕೆಡುವುದನ್ನು ನೋಡುವ ಸಂಕಟದಿಂದ ತಂದೆ ಪಾರಾಗುತ್ತಾನೆ, ಅಷ್ಟೇ ಲಾಭ ಎಂಬುದು ಅವನ ವಾದ. ಆ ವಾದವನ್ನು ಪೂರ್ತಿ ಒಪ್ಪಲಾರೆ. ಆದರೆ ಬೇರೆಯವರ ಮಗನ ಸಾವಿನ ಹಾಸಿಗೆಯ ಪಕ್ಕ ಕುಳಿತವನಿಗೆ ಕಠಿಣವಾಗಿ ಬರೆಯುವ ಹಕ್ಕಿತ್ತು ಎಂದು ನಂಬುತ್ತೇನೆ.

ದುಡಿಯುವವರ ಮಕ್ಕಳಿಗೂ ಅವರದೇ ಒಂದು ಪದ್ಧತಿ ಇತ್ತು. ಜರ್ಮನಿಯ ಬಡಗಿ, ಗಾರೆ ಕೆಲಸದ ಹುಡುಗರು ಕಸುಬು ಕಲಿತ ಮೇಲೆ ಊರೂರು ಅಲೆದು ಕೆಲಸ ಮಾಡಬೇಕಿತ್ತು. ಇಂದಿಗೂ ಕೆಲವರು ಮೂರು ವರ್ಷ ಒಂದು ದಿನದ ಈ ವ್ರತ ಹಿಡಿಯುತ್ತಾರೆ. ಅಷ್ಟು ಕಾಲವೂ ಮನೆಯಿಂದ 50 ಕಿಲೋಮೀಟರ್ ಒಳಗೆ ಕಾಲಿಡುವಂತಿಲ್ಲ. ತಾಯಿಗೆ ಇದು ಕಟು ನಿಯಮ. ಆದರೆ ದಾರಿಯುದ್ದಕ್ಕೂ ಕಸುಬುದಾರರ ಸಂಘದ ವಸತಿಗೃಹಗಳಿದ್ದವು. ಬಂದ ಹುಡುಗನಿಗೆ ರಾತ್ರಿ ತಂಗಲು ಜಾಗ, ಬೆಳಗಾದರೆ ಕೆಲಸ, ಕೆಲಸವಿಲ್ಲದಿದ್ದರೆ ಮುಂದಿನ ಊರಿಗೆ ದಾರಿಖರ್ಚು ಸಿಗುತ್ತಿತ್ತು. ಶ್ರೀಮಂತ ಪರಿಚಯಪತ್ರದ ಮೂಲಕ ಪಡೆದದ್ದನ್ನು ಬಡವ ಸಂಘದ ಮೂಲಕ ಪಡೆದ.

ಇಂದಿನ ಗ್ಯಾಪ್ ಇಯರ್ ಹುಟ್ಟಿದ್ದು ಎರಡನೆಯ ಮಹಾಯುದ್ಧದ ನಂತರ, ಕಡ್ಡಾಯ ಸೈನಿಕ ಸೇವೆಯನ್ನು ನಿಲ್ಲಿಸಲು ಬ್ರಿಟನ್ ತೀರ್ಮಾನಿಸಿದಾಗ. ಹದಿನೆಂಟರ ಹುಡುಗರ ಕೈಗೆ ದಿಢೀರನೆ ಸಮಯ ಬರುವುದಿತ್ತು. 1958ರ ಮಾರ್ಚಿನಲ್ಲಿ ಪೋರ್ಟ್ಸ್‌ಮತ್‌ನ ಬಿಷಪ್ ಲಾನ್ಸ್‌ಲಾಟ್ ಫ್ಲೆಮಿಂಗ್ ಅವರ ಪತ್ರ ಸಂಡೇ ಟೈಮ್ಸ್‌ನಲ್ಲಿ ಅಚ್ಚಾಯಿತು: ಈ ಹುಡುಗರು ವಿಶ್ವವಿದ್ಯಾಲಯ ಸೇರುವ ಮುನ್ನ ಒಂದು ವರ್ಷ ಬಡ ದೇಶಗಳಲ್ಲಿ ಸೇವೆ ಮಾಡಲಿ. ಪತ್ರದ ಹಿಂದಿದ್ದವರು ಅಲೆಕ್ ಡಿಕ್ಸನ್ ಮತ್ತು ಅವರ ಹೆಂಡತಿ ಮೋರಾ. ಲಂಡನ್ನಿನ ಮಾರ್ಟ್‌ಲೇಕ್‌ನಲ್ಲಿದ್ದ ಅವರ ಮನೆಯೇ ವಿಎಸ್‌ಒ (ವಾಲಂಟರಿ ಸರ್ವಿಸ್ ಓವರ್‌ಸೀಸ್) ಎಂಬ ಹೊಸ ಸಂಸ್ಥೆಯ ಕಚೇರಿಯಾಯಿತು. ಮೊದಲ ವರ್ಷ ಹೋದವರು ಬೆರಳೆಣಿಕೆಯಷ್ಟು ಹುಡುಗರು. ಅವರಲ್ಲಿ ಕೆಲವರು ಹೋದದ್ದು ಬೋರ್ನಿಯೋ ದ್ವೀಪದ ಸರವಾಕ್‌ಗೆ. ಅಲ್ಲಿನ ಶಿಕ್ಷಣ ಇಲಾಖೆಯ ನಿರ್ದೇಶಕರು ಅಲೆಕ್ ಅವರ ಸ್ವಂತ ಸಹೋದರ ಮರ್ರೇ ಡಿಕ್ಸನ್. ಇಡೀ ಚರಿತ್ರೆಯಲ್ಲಿ ನನಗೆ ತೀರ ಹತ್ತಿರವೆನಿಸಿದ ಸಂಗತಿ ಇದು. ಹೊಸ ಯುಗದ ಮೊದಲ ಹುಡುಗರು ಕಾಲಿಟ್ಟ ನೆಲದಲ್ಲೂ ನಂಬಬಹುದಾದ ಒಬ್ಬ ಮನುಷ್ಯ ಮೊದಲೇ ಇದ್ದ.

ಕೆಲವೇ ವರ್ಷಗಳಲ್ಲಿ ವಿಎಸ್‌ಒ ಶಾಲಾ ಹುಡುಗರನ್ನು ಬಿಟ್ಟು ಪದವೀಧರರ ಕಡೆ ತಿರುಗಿತು. ತೆರವಾದ ಜಾಗಕ್ಕೆ ಬೇರೆಯವರು ಬಂದರು. ನಿಕೋಲಸ್ ಮೆಕ್ಲೀನ್-ಬ್ರಿಸ್ಟಲ್ 1967ರಲ್ಲಿ ಪ್ರಾಜೆಕ್ಟ್ ಟ್ರಸ್ಟ್ ಕಟ್ಟಿ ಮೂವರನ್ನು ಇಥಿಯೋಪಿಯಾಕ್ಕೆ ಕಳಿಸಿದರು. ಮುಂದೆ ಆ ಸಂಸ್ಥೆ ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನ ಕಾಲ್ ಎಂಬ ಪುಟ್ಟ ದ್ವೀಪದಲ್ಲಿ ನೆಲೆ ನಿಂತಿತು. ವರ್ಷವಿಡೀ ದೂರ ಹೋಗಬೇಕೆನ್ನುವವರು ಮೊದಲು ಓಬನ್ ಬಂದರಿನಲ್ಲಿ ಹಡಗು ಹತ್ತಿ ಆ ಗಾಳಿಯ ದ್ವೀಪಕ್ಕೆ ಹೋಗಿ ಆಯ್ಕೆಯ ಪರೀಕ್ಷೆಗೆ ಒಡ್ಡಿಕೊಳ್ಳಬೇಕಿತ್ತು. ಗ್ಯಾಪ್ ಇಯರ್ ಬೇರೂರಲು ಇನ್ನೊಂದು ಕಾರಣ ಪರೀಕ್ಷೆಯ ಪಂಚಾಂಗದಲ್ಲಿತ್ತು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಪ್ರವೇಶ ಪರೀಕ್ಷೆಗೆ ಅನೇಕರು ಶಾಲೆಯಲ್ಲೇ ಇನ್ನೊಂದು ಅವಧಿ ಉಳಿದು ಚಳಿಗಾಲದ ಹೊತ್ತಿಗೆ ಕೂರುತ್ತಿದ್ದರು. ತೇರ್ಗಡೆಯಾದವರಿಗೆ ಜನವರಿಯಿಂದ ಅಕ್ಟೋಬರ್ ತನಕ ಬಿಡುವು. 1980ರ ದಶಕದ ಮಧ್ಯದಲ್ಲಿ ಆ ಏರ್ಪಾಡು ನಿಂತರೂ ಅಭ್ಯಾಸ ಉಳಿಯಿತು. 2000ದಲ್ಲಿ ರಾಜಕುಮಾರ ವಿಲಿಯಂ ಚಿಲಿ ದೇಶಕ್ಕೆ ಹೋಗಿ ಬಂದದ್ದು ಅದಕ್ಕೆ ಇನ್ನಷ್ಟು ಮೆರುಗು ಕೊಟ್ಟಿತು. ಕಾಲೇಜು ಶುಲ್ಕ ಮಾತ್ರ ಕಡಿವಾಣ ಹಾಕಿತು. 2012ರಲ್ಲಿ ಶುಲ್ಕದ ಮಿತಿ 9000 ಪೌಂಡಿಗೆ ಏರಿದಾಗ, ಹಳೆಯ ದರ ತಪ್ಪೀತೆಂದು ಬಹಳ ಮಕ್ಕಳು ಗ್ಯಾಪ್ ಇಯರ್ ಕೈಬಿಟ್ಟು ಹಿಂದಿನ ವರ್ಷವೇ ಸೇರಿಬಿಟ್ಟರು.

ಮೊಬೈಲ್ ಇಲ್ಲದ ಆ ದಶಕಗಳಲ್ಲಿ ಮನೆಯವರ ಆಸರೆ ಎಂದರೆ ಪೋಸ್ಟ್ ರೆಸ್ಟಾಂಟ್. ದೂರದ ನಗರದ ಮುಖ್ಯ ಅಂಚೆ ಕಚೇರಿಯ ವಿಳಾಸಕ್ಕೆ ಮಗನ ಹೆಸರು ಬರೆದು ಹಾಕಿದರೆ, ಅವನು ಬಂದು ಕೇಳುವ ತನಕ ಕಾಗದ ಅಲ್ಲಿನ ಗೂಡಿನಲ್ಲಿ ಕಾಯುತ್ತಿತ್ತು. ಮನೆತನದ ಹೆಸರನ್ನು ದಪ್ಪಕ್ಷರದಲ್ಲಿ ಬರೆದು ಅಡಿಗೆರೆ ಎಳೆಯಿರಿ, ಇಲ್ಲವಾದರೆ ಬೇರೆ ಗೂಡಿಗೆ ಹೋಗುತ್ತದೆ ಎಂದು ತಿಳಿದವರು ಹೇಳುತ್ತಿದ್ದರು. ವಾರಗಟ್ಟಲೆ ಸುದ್ದಿಯಿಲ್ಲದೆ ಬದುಕುವುದನ್ನು ಆ ತಾಯಂದಿರು ಕಲಿತಿದ್ದರು.

ಇದರ ಇನ್ನೊಂದು ಮಗ್ಗುಲನ್ನು ನಾನು ಬಾಲ್ಯದಲ್ಲೇ ಕಂಡಿದ್ದೆ. ಶಿರಸಿ ಸೀಮೆಯ ನಮ್ಮ ಹಳ್ಳಿಯ ಶಾಲೆಗೆ ಇಂಗ್ಲಿಷ್ ಹೇಳಿಕೊಡಲು ಆಂಗ್ಲ ಹುಡುಗಿಯೊಬ್ಬಳು ಬಂದು ನಮ್ಮ ಮನೆಯ ಮಾಳಿಗೆಯಲ್ಲಿ ಉಳಿದಿದ್ದಳು. ಅವಳು ಬರುವ ಮೊದಲೇ ಅವಳ ತಾಯಿಯ ನೀಲಿ ಏರೋಗ್ರಾಮ್ ಬಂದಿತ್ತು. ಅಪ್ಪಯ್ಯ ಅದನ್ನು ಓದಿ ಆಯಿಗೆ ಕನ್ನಡದಲ್ಲಿ ಹೇಳಿದರು. ಮಗಳಿಗೆ ರಾತ್ರಿ ಓದುವ ಅಭ್ಯಾಸ, ದೀಪ ಆರಿಸದಿದ್ದರೆ ಬೇಸರಿಸಬೇಡಿ. ಜ್ವರ ಬಂದರೆ ಮುಚ್ಚಿಡುತ್ತಾಳೆ, ಹಣೆ ಮುಟ್ಟಿ ನೋಡಿ. ಮನೆಯ ನೆನಪಾದರೆ ಮಾತು ಬಿಡುತ್ತಾಳೆ, ಆಗ ಏನಾದರೂ ಕೆಲಸ ಕೊಡಿ.

ಆಯಿ ಕೊನೆಯದನ್ನು ಚಾಚೂ ತಪ್ಪದೆ ಪಾಲಿಸಿದಳು. ಕೊನೆಕೊಯ್ಲಿನ ದಿನಗಳಲ್ಲಿ ಅಂಗಳದಲ್ಲಿ ರಾತ್ರಿ ಅಡಿಕೆ ಸುಲಿಯುವ ಸಾಲಿನಲ್ಲಿ ಅವಳಿಗೂ ಒಂದು ಮಣೆ, ಒಂದು ಮೆಟ್ಟುಗತ್ತಿ. ಆಯಿ ಅವಳ ಎರಡೂ ಕೈಗಳನ್ನು ಹಿಡಿದು, ಕಾಯಿಯನ್ನು ಯಾವ ಕೋನದಲ್ಲಿ ಅಲಗಿಗೆ ಒತ್ತಬೇಕು, ಸಿಪ್ಪೆಯನ್ನು ಯಾವ ಕಡೆಗೆ ಹೊರಳಿಸಬೇಕು ಎಂದು ತೋರಿಸಿದಳು. ಇಬ್ಬರಿಗೂ ಪರಸ್ಪರರ ಭಾಷೆ ಬಾರದು. ಹುಡುಗಿಯ ಬೆರಳುಗಳಿಗೆ ಅಡಿಕೆಯ ಕಂದು ಕಲೆ ಹತ್ತಿತು; ಸುಲಿಯುವವರ ಪಟ್ಟಾಂಗದ ನಡುವೆ ಅವಳಿಗೆ ಮಾತೂ ಮರಳಿತು. ಆಯಿ ಹೇಳಿ ಬರೆಸಿದ ಉತ್ತರ ಚಿಕ್ಕದು: ಮಗಳು ಹೊಟ್ಟೆತುಂಬ ಉಣ್ಣುತ್ತಿದ್ದಾಳೆ, ಕೆಲಸ ಕಲಿತಿದ್ದಾಳೆ, ನೀವು ನಿಶ್ಚಿಂತೆಯಿಂದಿರಿ. ಇಂಗ್ಲೆಂಡಿನ ಆ ತಾಯಿಗೆ ಈ ಮೂರು ಮಾತಿಗಿಂತ ದೊಡ್ಡ ವಿಮೆ ಯಾವುದಿತ್ತು?

ಆ ಆಸರೆ ತಪ್ಪಿದರೆ ಏನಾಗಬಹುದೆಂಬುದೂ ಇದೇ ಚರಿತ್ರೆಯ ಭಾಗ. 2000ದ ಜೂನ್‌ನಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನ ಚಿಲ್ಡರ್ಸ್ ಎಂಬ ಊರಲ್ಲಿ ಅಲೆಮಾರಿ ಯುವಜನರ ತಂಗುದಾಣಕ್ಕೆ ಬೆಂಕಿ ಬಿದ್ದು 15 ಮಂದಿ ಸತ್ತರು. ಸುತ್ತಲಿನ ತೋಟಗಳಲ್ಲಿ ಕೂಲಿ ಮಾಡಿ ಮುಂದಿನ ಪ್ರಯಾಣಕ್ಕೆ ದುಡ್ಡು ಕೂಡಿಸಲು ಬಂದವರು ಅಲ್ಲಿ ತಂಗುತ್ತಿದ್ದರು. ಸತ್ತವರಲ್ಲಿ 7 ಮಂದಿ ಬ್ರಿಟನ್ನಿನವರು. ಅಗ್ಗದ ತಂಗುದಾಣಗಳ ಬೆಂಕಿ ಸುರಕ್ಷತೆಗೆ ಕ್ವೀನ್ಸ್‌ಲೆಂಡ್ ಆಮೇಲೆ ಕಟ್ಟುನಿಟ್ಟಿನ ಕಾನೂನು ತಂದಿತು. ಮಗಳು ಎಲ್ಲೇ ಮಲಗಲಿ, ಹೊರಬಾಗಿಲು ಎಲ್ಲಿದೆ, ಹೊಗೆ ಬಂದರೆ ಕೂಗುವ ಯಂತ್ರ ಇದೆಯೇ ಎಂದು ನೋಡಿ ಮಲಗಬೇಕೆಂದು ಅವಳಿಗೆ ಹೇಳಿಕೊಡುವಾಗ ನನ್ನ ಮನಸ್ಸಿನಲ್ಲಿರುವುದು ಚಿಲ್ಡರ್ಸ್.

ನಮ್ಮ ಮನೆಯ ಸಿದ್ಧತೆ ಕ್ರಮವಾಗಿ ನಡೆಯುತ್ತಿದೆ. ಘಾನಾಕ್ಕೆ ಹೋಗಲು ಹಳದಿ ಜ್ವರದ ಲಸಿಕೆ ಕಡ್ಡಾಯ. ವಿಶ್ವ ಆರೋಗ್ಯ ಸಂಸ್ಥೆಯ ಹಳದಿ ಪುಸ್ತಿಕೆಯಲ್ಲಿ ಬೀಳುವ ಆ ಮುದ್ರೆಗೆ ಹಿಂದೆ ಹತ್ತು ವರ್ಷದ ಆಯುಸ್ಸಿತ್ತು, 2016ರಿಂದ ಜೀವಮಾನಪೂರ್ತಿ ನಡೆಯುತ್ತದೆ. ಲಸಿಕೆ ಕೊನೇಪಕ್ಷ ಹತ್ತು ದಿನ ಮೊದಲೇ ಆಗಿರಬೇಕು. ಮಲೇರಿಯಾ ಮಾತ್ರೆಯನ್ನು ಹೊರಡುವ ಮೊದಲೇ ಶುರುಮಾಡಿ, ಮರಳಿದ ಮೇಲೂ ವೈದ್ಯರು ಹೇಳಿದಷ್ಟು ದಿನ ನುಂಗಬೇಕು. ಮನೆ ಸೇರಿದೆನಲ್ಲ ಎಂದುಕೊಂಡು ನಡುವೆ ಬಿಡುವವರೇ ಹೆಚ್ಚಾಗಿ ಅಪಾಯಕ್ಕೆ ಸಿಗುತ್ತಾರೆಂದು ದಾದಿ ಒತ್ತಿ ಹೇಳಿದರು. ವಿಮೆ, ಪಾಸ್‌ಪೋರ್ಟಿನ ನಕಲು, ಎರಡು ಕಡೆ ಇಟ್ಟ ದುಡ್ಡು, ಇವೆಲ್ಲ ಹೆರೀಸ್‌ನ ಕಾಲದಿಂದ ಬಂದ ಜಾಗ್ರತೆಗಳೇ. ಇವನ್ನೆಲ್ಲ ಮಗಳೇ ಮಾಡಿಕೊಂಡಿದ್ದಾಳೆ. ಹದಿನೆಂಟು ತುಂಬಿದವಳು, ಮಾಡಿಕೊಳ್ಳಬೇಕು.

ನಾನು ನನ್ನ ಪಾಲಿಗೆ ಉಳಿಸಿಕೊಂಡದ್ದು ಒಂದೇ ಕೆಲಸ. ಅವಳು ಉಳಿಯುವ ಮನೆಯ ಶಿಕ್ಷಕಿಯ ಜೊತೆ ಮಾತಾಡಿದೆ. ಆಕೆಗೂ ಮಕ್ಕಳಿದ್ದಾರೆ. ನಮ್ಮ ಹುಡುಗಿಗೆ ಯಾವುದು ಸೇರುತ್ತದೆ, ಯಾವುದಕ್ಕೆ ಅಂಜುತ್ತಾಳೆ, ಸಿಟ್ಟು ಬಂದಾಗ ಹೇಗಿರುತ್ತಾಳೆ ಎಂದು ಹೇಳಿದೆ. ಆಕೆಯ ಮನೆಯ ಕ್ರಮ ಕೇಳಿಕೊಂಡೆ: ಎಷ್ಟು ಹೊತ್ತಿಗೆ ಏಳುತ್ತಾರೆ, ನೀರು ಎಲ್ಲಿಂದ ತರುತ್ತಾರೆ, ಭಾನುವಾರ ಚರ್ಚಿಗೆ ಎಲ್ಲರೂ ಹೋಗಬೇಕೇ. ಅವಳಿಂದ ನಿಮಗೆ ಖರ್ಚಾಗಬಾರದು, ಮನೆಗೆಲಸದಲ್ಲಿ ಅವಳ ಪಾಲು ಅವಳು ಮಾಡಲಿ ಎಂದೂ ಹೇಳಿದೆ.

ಹೀಗೆ ಮಕ್ಕಳನ್ನು ಕಳಿಸುವ ತಂದೆತಾಯಂದಿರಿಗೆ ಹೇಳಬೇಕೆನಿಸುವುದು ಇಷ್ಟು. ನಮ್ಮ ಮಕ್ಕಳು ಅಲ್ಲಿ ಹೋಗಿ ಸೇವೆ ಮಾಡುತ್ತಾರೆ ಎಂಬ ಮಾತನ್ನೇ ಇಲ್ಲಿ ಎಲ್ಲರೂ ಆಡುತ್ತಾರೆ. 1958ರಿಂದ ಈಚೆಗೆ ಆ ಮಕ್ಕಳಿಗೆ ಅನ್ನ ಹಾಕಿದ, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ ಸರವಾಕ್, ಇಥಿಯೋಪಿಯಾ, ಘಾನಾ, ಉತ್ತರ ಕನ್ನಡದ ಮನೆಗಳದೂ ಅಷ್ಟೇ ದೊಡ್ಡ ಸೇವೆ. ಅವರ ಹೆಸರು ಯಾವ ಸಂಸ್ಥೆಯ ಚರಿತ್ರೆಯಲ್ಲೂ ಮುಖ್ಯವಾಗಿ ಬಂದದ್ದನ್ನು ನಾನು ಕಂಡಿಲ್ಲ. ಆ ಮನೆಯವರ ಹೆಸರು ಕೇಳಿ ತಿಳಿದುಕೊಳ್ಳಿ. ಹೊರಡುವ ಮೊದಲು ಅವರೊಡನೆ ಮಾತಾಡಿ, ಮಗು ಮರಳಿದ ಮೇಲೂ ಆ ನಂಟು ಬಿಡಬೇಡಿ. ನಾಳೆ ಆ ಮನೆಯ ಮಗನೋ ಮಗಳೋ ಈ ಊರಿಗೆ ಬಂದರೆ ಅವರಿಗೊಂದು ಕೋಣೆ, ಎರಡು ಹೊತ್ತಿನ ಊಟ, ಕೈಗೊಂದು ಕೆಲಸ ನಮ್ಮಲ್ಲಿರಬೇಕು. ಆ ಋಣ ಒಪ್ಪಿಕೊಂಡವರಿಗೆ ಮಾತ್ರ ತಮ್ಮ ಮಕ್ಕಳನ್ನು ಪರರ ಮನೆಗೆ ಕಳಿಸುವ ಅಧಿಕಾರವಿದೆ.